ಹನ್ನೆರಡೋ, ಹದಿಮೂರೋ?

ಜೆಸಪ್ ರೋಲರ್‌ಗಳ ಬಾಕಿ ಮಾತನ್ನು ಈ ವಾರ ಮುಗಿಸುವುದಾಗಿ ಹೇಳಿದ್ದೆ. ಅದು ಮುಂದಕ್ಕೆ ಹೋಗಲಿ. ಕೊರಟಗೆರೆಯ ಓದುಗರೊಬ್ಬರು ಕಳಿಸಿದ ಫೋಟೋಗಳನ್ನು ನೋಡಿದ ಮೇಲೆ ರೋಲರ್ ಕಡೆ ಮನಸ್ಸು ಓಡುತ್ತಿಲ್ಲ. ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ದಾರಿಯಲ್ಲಿ, ಅವರ ನೆಂಟರ ತೋಟದ ಬೇಲಿ ಪಕ್ಕ, ಹೊಂಗೆ ಮರದಡಿ ಒಂದು ಹಳೇ ಗ್ರೇಡರ್ ನಿಂತಿದೆ. ಎಳೆದುಕೊಂಡು ಹೋಗುವ ಜಾತಿಯದು. ನಾಲ್ಕು ಕಬ್ಬಿಣದ ಗಾಲಿ, ಹೊಟ್ಟೆಯಡಿ ಬ್ಲೇಡು, ಹಿಂದೆ ಆಳು ನಿಲ್ಲುವ ಹಲಗೆ, ಅವನ ಕೈಗೆ ಸಿಗುವಂತೆ ಎರಡು ದೊಡ್ಡ ಚಕ್ರ. ಇಂಜಿನ್ ಇಲ್ಲ, ಯಾವತ್ತೂ ಇದ್ದದ್ದಲ್ಲ. ನೇಮ್ ಪ್ಲೇಟೂ ಇಲ್ಲ. ಅದಿದ್ದ ಜಾಗದಲ್ಲಿ ರಿವೆಟ್ಟಿನ ತೂತುಗಳು ಮಾತ್ರ ಉಳಿದಿವೆ. “ಇದು ಎಲ್ಲೀದು ಸಾರ್, ಇಂಗ್ಲೆಂಡೋ ಅಮೆರಿಕಾನೋ?” ಅನ್ನುವುದು ಅವರ ಪ್ರಶ್ನೆ. ಹೋಗಿ ನೋಡಿ ಬಂದೆ.

ಪ್ಲೇಟ್ ಇಲ್ಲದ್ದಕ್ಕೆ ಅವರಿಗೆ ಬಹಳ ಬೇಜಾರು. ನನಗೆ ಅಷ್ಟಿಲ್ಲ. ಹಳೇ ಯಂತ್ರದ ಹುಟ್ಟೂರನ್ನು ಪ್ಲೇಟ್ ಓದಿಯೇ ಹೇಳಬೇಕು ಎನ್ನುವವರ ಜೊತೆ ನನ್ನ ಜಗಳ ಈ ಅಂಕಣದ ಓದುಗರಿಗೆ ಹೊಸದಲ್ಲ. ನಮ್ಮ ಕಡೆಯ ಯಂತ್ರಗಳ ಮೇಲಿರುವ ಪ್ಲೇಟುಗಳಲ್ಲಿ ಎಷ್ಟೋ ತಯಾರಕರವಲ್ಲ, ಮಾರಿದ ಏಜೆಂಟರವು. ಕ್ಯಾಟರ್‌ಪಿಲ್ಲರ್ ಯಂತ್ರಗಳನ್ನೇ ತೆಗೆದುಕೊಳ್ಳಿ. ಮಹಾಯುದ್ಧ ಮುಗಿದಾಗ ಭಾರತದಲ್ಲಿ ಬಿಟ್ಟುಹೋದ ಯುದ್ಧಕಾಲದ ಕ್ಯಾಟರ್‌ಪಿಲ್ಲರ್‌ಗಳು ಅಗ್ಗಕ್ಕೆ ಸಿಗುತ್ತಿದ್ದವು. ಅವನ್ನು ಕೊಳ್ಳಲು ಬಂಡವಾಳ ಬೇಕಾಗಿಯೇ ಲಾರ್ಸನ್ ಮತ್ತು ಟೂಬ್ರೊ ಎಂಬ ಇಬ್ಬರು ಪಾಲುದಾರರು 1946ರಲ್ಲಿ ತಮ್ಮ ವ್ಯವಹಾರವನ್ನು ಕಂಪನಿ ಮಾಡಿಕೊಂಡರು. ಕಲ್ಕತ್ತಾದ ಕಡೆ ಅದೇ ಯಂತ್ರಗಳನ್ನು ಮಾರುತ್ತಿದ್ದದ್ದು 1944ರಲ್ಲಿ ಶುರುವಾದ ಟ್ರ್ಯಾಕ್ಟರ್ಸ್ ಇಂಡಿಯಾ. ಮಾರಿದವರ ಹೆಸರು ಓದಿ ಹುಟ್ಟಿದ ಊರು ಹೇಳಲು ಬರುವುದಿಲ್ಲ. ಇಂಜಿನ್ ಇರುವ ಗ್ರೇಡರ್‌ಗಳಲ್ಲಿ ಇನ್ನೊಂದು ತೊಡಕು. ಅಮೆರಿಕದ ಆಡಮ್ಸ್, ಗೇಲಿಯನ್ ಎರಡೂ ಕಂಪನಿಗಳು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಇಂಜಿನ್ ಕೂರಿಸುತ್ತಿದ್ದವು. ಬಾನೆಟ್ಟಿನ ಕೆಳಗಿನ ತಗಡು ಓದಿದವರು ಎರಡನ್ನೂ “ಇಂಟರ್‌ನ್ಯಾಷನಲ್ ಗ್ರೇಡರ್” ಅಂದುಬಿಡುತ್ತಾರೆ. ಯುದ್ಧದ ನಂತರ ಇಂಗ್ಲೆಂಡಿನ ಗ್ರಾಂಥಮ್‌ನಲ್ಲಿ ಆವೆಲಿಂಗ್-ಬಾರ್ಫರ್ಡ್‌ನವರು ಅಮೆರಿಕದ ಆಸ್ಟಿನ್-ವೆಸ್ಟರ್ನ್ ಗ್ರೇಡರನ್ನು ಲೈಸೆನ್ಸ್ ಪಡೆದು ತಯಾರಿಸಿದರು. ನಕ್ಷೆ ಇಲಿನಾಯ್ಸ್‌ನದು, ಎರಕ ಲಿಂಕನ್‌ಶೈರಿನದು. ಇಂಥದ್ದಕ್ಕೆ ಪ್ಲೇಟ್ ಏನು ಉತ್ತರ ಹೇಳೀತು?

ನಾನು ನಂಬುವುದು ಅರ್ಧ ಇಂಚಿನ ಬೋಲ್ಟನ್ನು. ಅದು ಯಾಕೆ ಅಂದರೆ, ಇಂಗ್ಲೆಂಡಿನ ವಿಟ್ವರ್ತ್ ಥ್ರೆಡ್ಡಿಗೂ ಅಮೆರಿಕದ ಥ್ರೆಡ್ಡಿಗೂ ಮೇಲ್ನೋಟಕ್ಕೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ವಿಟ್ವರ್ತ್‌ನ ಕೋನ 55 ಡಿಗ್ರಿ, ನೆತ್ತಿ ಉರುಟು. ಅಮೆರಿಕದ್ದು 60 ಡಿಗ್ರಿ, ನೆತ್ತಿ ಚಪ್ಪಟೆ. ತುಕ್ಕು ಹಿಡಿದ ಬೋಲ್ಟಿನಲ್ಲಿ ಇದು ಕಣ್ಣಿಗೆ ಸಿಗುವ ಮಾತಲ್ಲ. ಕಾಲಿಂಚು, ಮುಕ್ಕಾಲಿಂಚು ಬೋಲ್ಟುಗಳಲ್ಲಿ ಇಂಚಿಗೆ ಎಷ್ಟು ಸುತ್ತು ಎಂಬ ಲೆಕ್ಕವೂ ಎರಡೂ ಕಡೆ ಒಂದೇ: 20, 10. ಅರ್ಧ ಇಂಚಿನಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ. ವಿಟ್ವರ್ತ್‌ನಲ್ಲಿ ಇಂಚಿಗೆ 12, ಅಮೆರಿಕದಲ್ಲಿ 13. ಥ್ರೆಡ್ ಗೇಜ್ ಇಟ್ಟರೆ ಸಾಕು. ಗೇಜ್ ಇಲ್ಲದಿದ್ದರೆ ಖಚಿತವಾಗಿ ವಿಟ್ವರ್ತ್ ಎಂದು ಗೊತ್ತಿರುವ ಒಂದು ನಟ್ಟನ್ನು ತಿರುಗಿಸಿ ನೋಡಿ. ಅಮೆರಿಕದ ಬೋಲ್ಟಾದರೆ ಒಂದೆರಡು ಸುತ್ತಿಗೆ ಕಚ್ಚಿ ನಿಂತುಬಿಡುತ್ತದೆ. 1948ರ ನವೆಂಬರಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಕೂಡಿ ಒಂದೇ ಥ್ರೆಡ್ ಒಪ್ಪಿಕೊಂಡವು. ಹಾಗಾಗಿ ಆಮೇಲಿನ ಯಂತ್ರಗಳಲ್ಲಿ ಈ ಪರೀಕ್ಷೆಗೆ ಬೆಲೆ ಕಡಿಮೆ. ಕಬ್ಬಿಣದ ಗಾಲಿಯ ಗ್ರೇಡರ್‌ಗೆ ಆ ಚಿಂತೆಯಿಲ್ಲ, ಅದು ಅದಕ್ಕಿಂತ ಹಿಂದಿನದೇ.

ತೋಟದ ಗ್ರೇಡರಿನಲ್ಲಿ ಕೈಗೆ ಸುಲಭವಾಗಿ ಸಿಗುವ ಬೋಲ್ಟುಗಳೆಲ್ಲ ಒಂದಲ್ಲ ಒಂದು ಕಾಲದಲ್ಲಿ ಬದಲಾದವು. ಯಾರೂ ಬಿಚ್ಚದ ಬೋಲ್ಟು ಬೇಕಿತ್ತು. ಹಿಂದಿನ ಹಲಗೆಯನ್ನು ಚಾಸಿಗೆ ಹಿಡಿದಿರುವ ಕಬ್ಬಿಣದ ಕೈ ಇದೆಯಲ್ಲ, ಅದರ ಒಳಮಗ್ಗುಲಲ್ಲಿ, ಸ್ಪ್ಯಾನರ್ ಆಡಿಸಲೂ ಜಾಗವಿಲ್ಲದ ಕಡೆ, ಚೌಕ ತಲೆಯ ಬೋಲ್ಟು, ಚೌಕ ನಟ್ಟು. ಆ ಚೌಕ ನಟ್ಟು ನೋಡಿದಾಗಲೇ ಅರ್ಧ ಉತ್ತರ ಸಿಕ್ಕಿತ್ತು, ಅಮೆರಿಕದ ಹಳೇ ಬೇಸಾಯದ ಯಂತ್ರಗಳಲ್ಲಿ ಅದು ಮಾಮೂಲು. ಸೀಮೆಎಣ್ಣೆ ಸುರಿದು, ಹೊರಗೆ ಚಾಚಿದ್ದ ತುದಿಯನ್ನು ತೆಂಗಿನ ನಾರಿನಿಂದ ಉಜ್ಜಿ ಗೇಜ್ ಇಟ್ಟೆ. ಹದಿಮೂರು.

ಅಮೆರಿಕ ಎಂದಾಯಿತು. ಅಮೆರಿಕದಲ್ಲಿ ಯಾರದು? ಅದಕ್ಕೆ ಗಾಲಿ ನೋಡಬೇಕು. ಈ ಯಂತ್ರದ ಗಾಲಿಗಳನ್ನು ಪಕ್ಕಕ್ಕೆ ವಾಲಿಸಲು ಬರುತ್ತದೆ. ಬ್ಲೇಡನ್ನು ಓರೆಯಾಗಿ ಇಟ್ಟು ಎಳೆದಾಗ ಮಣ್ಣು ಒಂದು ಪಕ್ಕಕ್ಕೆ ಸರಿಯುತ್ತದೆ, ಅದೇ ಒತ್ತಡಕ್ಕೆ ಯಂತ್ರ ಇನ್ನೊಂದು ಪಕ್ಕಕ್ಕೆ ಜಾರುತ್ತದೆ. ಕುಂಟೆ ಹೊಡೆದವರಿಗೆ ಇದು ಗೊತ್ತು. ಒಂದು ಮಗ್ಗುಲಿಗೆ ಭಾರ ಬಿದ್ದರೆ ಕುಂಟೆ ಸಾಲು ಬಿಟ್ಟು ಓಡುತ್ತದೆ, ಮೇಣಿ ಹಿಡಿದವನು ಮೈ ವಾಲಿಸಿ ಅದನ್ನು ತಡೆಯುತ್ತಾನೆ. ಇಂಡಿಯಾನಾ ರಾಜ್ಯದ ಜೋಸೆಫ್ ಆಡಮ್ಸ್ 1885ರಲ್ಲಿ ಆ ಕೆಲಸವನ್ನು ಗಾಲಿಗೇ ವಹಿಸಿದ. ಗಾಲಿ ವಾಲಿದರೆ ಯಂತ್ರದ ತೂಕವೇ ಜಾರುವುದನ್ನು ತಡೆಯುತ್ತದೆ. ರಸ್ತೆ ಯಂತ್ರಗಳ ಚರಿತ್ರೆಯಲ್ಲಿ ಇದಕ್ಕಿಂತ ಚೆಂದದ ಯೋಚನೆ ನನಗೆ ಕಂಡಿಲ್ಲ. ಇವತ್ತು ಹೆದ್ದಾರಿ ಕೆಲಸದಲ್ಲಿರುವ ಹೊಸ ಗ್ರೇಡರಿನ ಮುಂದಿನ ಗಾಲಿ ಸೊಟ್ಟಗೆ ನಿಂತಿರುವುದನ್ನು ನೋಡಿ “ಆಕ್ಸಲ್ ಮುರಿದಿದೆ” ಅನ್ನುವವರಿದ್ದಾರೆ. ಅದು ಆಡಮ್ಸ್‌ನ ಯೋಚನೆ. ಮುಂದೆ ಬೇರೆ ಕಂಪನಿಗಳೂ ವಾಲುಗಾಲಿ ಮಾಡಿದವು. 1928ರಲ್ಲಿ ಮಿನಿಯಾಪೊಲಿಸ್‌ನ ರಸಲ್ ಕಂಪನಿಯನ್ನು ಕೊಂಡು ಗ್ರೇಡರ್ ಕಸುಬಿಗೆ ಇಳಿದ ಕ್ಯಾಟರ್‌ಪಿಲ್ಲರ್ ಕೂಡ ಮಾಡಿತು. ಆದ್ದರಿಂದ ಗಾಲಿ ವಾಲಿತು ಎಂದ ಮಾತ್ರಕ್ಕೆ ಆಡಮ್ಸ್ ಎಂದು ಬರೆದುಕೊಡಲು ನಾನು ತಯಾರಿಲ್ಲ. ಬ್ಲೇಡನ್ನು ಹೊತ್ತ ದೊಡ್ಡ ಬಳೆಯ ಅಡಿಯಲ್ಲಿ ಎರಕದ ಅಕ್ಷರಗಳಿವೆ, ಹಳೇ ಗ್ರೀಸಿನಡಿ ಬೆರಳಿಗೆ ತಾಗುತ್ತವೆ. ಅವನ್ನು ಓದಬೇಕು.

ಅಕ್ಷರ ಹುಡುಕಲು ಬಗ್ಗಿದವನಿಗೆ ಕಂಡದ್ದು ಬ್ಲೇಡು. ಈ ವಾರ ನಿಜಕ್ಕೂ ಹೇಳಬೇಕಾದದ್ದು ಅದನ್ನೇ. ಬ್ಲೇಡಿನ ಎಡತುದಿ ಸವೆದು ಸವೆದು ದುಂಡಗಾಗಿದೆ. ಬಲತುದಿಯಲ್ಲಿ ಮೂಲೆ ಇನ್ನೂ ಮೂಲೆಯಾಗಿಯೇ ಇದೆ. ಮಣ್ಣು ರಸ್ತೆ ಕೆತ್ತುವ ಕ್ರಮ ನೆನಪಿಸಿಕೊಳ್ಳಿ. ಗ್ರೇಡರ್ ರಸ್ತೆಯ ಒಂದು ಅಂಚು ಹಿಡಿದು ಹೋಗಿ, ಇನ್ನೊಂದು ಅಂಚು ಹಿಡಿದು ವಾಪಸ್ ಬರುತ್ತದೆ. ಚರಂಡಿ ಕಡೆಯ ಮಣ್ಣನ್ನು ಎತ್ತಿ ನಡುವಿನ ಉಬ್ಬಿಗೆ ಸರಿಸುತ್ತದೆ. ಬ್ಲೇಡಿನ ಮುಂದಿನ ತುದಿ ಚರಂಡಿ ಕಡೆ, ಗಟ್ಟಿ ನೆಲ ಕೊರೆಯುವುದು ಅದೇ, ಹೆಚ್ಚು ಸವೆಯುವುದೂ ಅದೇ. ಅಮೆರಿಕದಲ್ಲಿ ಬಂಡಿ ಹೋಗುವುದು ರಸ್ತೆಯ ಬಲಕ್ಕೆ, ಚರಂಡಿ ಸಿಗುವುದು ಬಲಗಡೆ, ಅಲ್ಲಿ ಸವೆಯುವುದು ಬಲತುದಿ. ನಮ್ಮಲ್ಲಿ ಎಡ. ಹುಟ್ಟಿದ್ದು ಅಮೆರಿಕದಲ್ಲಾದರೂ ಈ ಬ್ಲೇಡು ಸವೆದದ್ದು ಎಡಬದಿಯ ರಸ್ತೆಗಳಲ್ಲಿ, ಅಂದರೆ ನಮ್ಮ ಮಣ್ಣಿನಲ್ಲಿ. ಇದನ್ನು ಯಾವ ಪ್ಲೇಟೂ ಹೇಳುವುದಿಲ್ಲ, ಯಾವ ಕ್ಯಾಟಲಾಗಿನಲ್ಲೂ ಇರುವುದಿಲ್ಲ.

ನಮ್ಮ ಮಣ್ಣೂ ಮೆತ್ತಗಿನದಲ್ಲ. ಮಧುಗಿರಿ ಉಪವಿಭಾಗದ ನಾಲ್ಕೂ ತಾಲೂಕಿನಲ್ಲಿ ಅಗೆದರೆ ಸಿಗುವುದು ಬಹುಪಾಲು ಬೆಣಚುಕಲ್ಲು ಬೆರೆತ ಕೆಂಪು ಗರಸು. ಮಧುಗಿರಿಯ ಏಕಶಿಲಾ ಬೆಟ್ಟದ ಅಣ್ಣತಮ್ಮಂದಿರು ನೆಲದಡಿ ಎಲ್ಲೆಲ್ಲೂ ಇದ್ದಾರೆ. ಶಿರಾದ ಕಡಲೆಕಾಯಿ ಹೊಲಗಳ ಮರಳು ಮಿಶ್ರಿತ ಕೆಮ್ಮಣ್ಣು, ಪಾವಗಡದ ಬಿಸಿಲಿಗೆ ಕಾದು ಗಟ್ಟಿಯಾದ ನೆಲ, ಎರಡೂ ಉಕ್ಕನ್ನು ತಿನ್ನುತ್ತವೆ. ಬ್ಲೇಡಿನ ಎಡತುದಿಗೆ ಯಾರೋ ಲಾರಿಯ ಸ್ಪ್ರಿಂಗ್ ಪಟ್ಟಿ ಕತ್ತರಿಸಿ ರಿವೆಟ್ ಹೊಡೆದಿದ್ದಾರೆ. ವೆಲ್ಡಿಂಗ್ ಅಲ್ಲ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದ ರಿವೆಟ್ಟು. ಒಂದೊಂದರ ತಲೆಯ ಮೇಲೂ ಸುತ್ತಿಗೆಯ ಅಚ್ಚು ಹಾಗೇ ಇದೆ. ಆ ಪಟ್ಟಿಯೂ ಸವೆದಿದೆ. ಆ ಕಮ್ಮಾರನ ಕೈಯನ್ನು ಎರಕದ ಅಕ್ಷರಗಳಷ್ಟೇ ಜೋಪಾನವಾಗಿ ಫೋಟೋ ತೆಗೆದುಕೊಂಡು ಬಂದಿದ್ದೇನೆ.

ಇದಕ್ಕೇ ನನಗೆ ಬಣ್ಣ ಬಳಿಯುವವರ ಮೇಲೆ ಸಿಟ್ಟು. ಶಿರಾ ದಾಟಿದ ಮೇಲೆ ಹೆದ್ದಾರಿ ಬದಿಯ ಹೋಟೆಲೊಂದರ ಮುಂದೆ ಒಂದು ಹಳೇ ಯಂತ್ರ ನಿಲ್ಲಿಸಿದ್ದಾರೆ. ಮರಳು ಹೊಡೆಸಿ, ಮೈಯೆಲ್ಲ ಹಳದಿ ಬಳಿದು, ಸವೆದ ತುದಿಗಳನ್ನು ಗ್ರೈಂಡರ್ ಇಟ್ಟು ಸಮ ಮಾಡಿದ್ದಾರೆ. ಚೌಕ ನಟ್ಟು ಹೋಗಿ ಹೊಳೆಯುವ ಆರು ಮೂಲೆಯ ನಟ್ಟು ಬಂದಿವೆ. ಅದರ ಮುಂದೆ ನಿಂತು ನನಗೆ ಏನೊಂದೂ ಓದಲಾಗಲಿಲ್ಲ. ಹಳದಿಯಾದರೂ ಯಾಕೆ? ಕ್ಯಾಟರ್‌ಪಿಲ್ಲರ್ ಕೂಡ ಹಳದಿಗೆ ತಿರುಗಿದ್ದು 1931ರ ಡಿಸೆಂಬರ್ 7ರಿಂದ. ಅದಕ್ಕೂ ಮುಂಚೆ ಅದರ ಬಣ್ಣ ಬೂದು, ಅಂಚಿಗೆ ಕೆಂಪು. ಹಳೇ ಬಣ್ಣದ ಒಂದು ಚಕ್ಕೆ ಕೈಚಕ್ರದ ಗುಂಬದ ಹಿಂದೆ ಉಳಿದಿದ್ದರೂ ಸಾಕು, ಹತ್ತು ವರ್ಷದ ಅನುಮಾನ ತೀರುತ್ತದೆ. ಮರಳು ಹೊಡೆದರೆ ಮೊದಲು ಹೋಗುವುದೇ ಆ ಚಕ್ಕೆ.

ಕೊರಟಗೆರೆಯ ಓದುಗರಿಗೆ ಹೇಳುವುದು ಇಷ್ಟು. ಗುಜರಿಯವರು ಕೆ.ಜಿ. ಲೆಕ್ಕದಲ್ಲಿ ಕೇಳಲು ಬಂದಿದ್ದಾರಂತೆ, ಮಳೆಗಾಲ ಕಳೆಯುವವರೆಗಾದರೂ ಕೊಡಬೇಡಿ. ಬಳೆಯ ಅಡಿಗೆ ಸೀಮೆಎಣ್ಣೆ ಹಚ್ಚಿ ರಾತ್ರಿ ಬಿಟ್ಟು, ಬೆಳಿಗ್ಗೆ ಮರದ ಚಕ್ಕೆಯಿಂದ ಗ್ರೀಸ್ ಕೆರೆಯಿರಿ. ವೈರ್ ಬ್ರಷ್ ಬೇಡ. ಅಕ್ಷರ ಏಳದಿದ್ದರೆ ಬಿಳಿ ಕಾಗದ ಇಟ್ಟು ಸೀಸದಕಡ್ಡಿ ಉಜ್ಜಿ ಅಚ್ಚು ತೆಗೆಯಿರಿ. ಚಾಸಿಯ ಎಡಮಗ್ಗುಲಲ್ಲಿ ಬಿಳಿ ಬಣ್ಣದಲ್ಲಿ ಬರೆದ ಸಂಖ್ಯೆಯೊಂದು ಅರ್ಧ ಅಳಿಸಿದೆ. ಅದು ಸರ್ಕಾರಿ ಸಂಖ್ಯೆ ಇರಬಹುದೆಂದು ನನಗೆ ಅನಿಸುತ್ತದೆ. ಪಿಡಬ್ಲ್ಯುಡಿ ಕಚೇರಿಗಳಲ್ಲಿ ಟಿ ಅಂಡ್ ಪಿ ರಿಜಿಸ್ಟರ್ ಎಂಬುದೊಂದು ಇರುತ್ತದೆ, ಇಲಾಖೆಯ ಗುದ್ದಲಿಯಿಂದ ರೋಲರ್‌ವರೆಗೆ ಎಲ್ಲದರ ಲೆಕ್ಕ ಅದರಲ್ಲಿ. ಮಧುಗಿರಿ, ಶಿರಾ, ಪಾವಗಡದಲ್ಲಿ ಆ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು ಈ ಅಂಕಣ ಓದುತ್ತೀರಿ. ನಿಮ್ಮ ಕಾಲದಲ್ಲಿ ಎಳೆಯುವ ಗ್ರೇಡರ್ ಹರಾಜಾದ ನೆನಪಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಬರೆಯಿರಿ. ಎತ್ತು ಕಟ್ಟುತ್ತಿದ್ದರೋ ಟ್ರ್ಯಾಕ್ಟರ್ ಕಟ್ಟುತ್ತಿದ್ದರೋ, ಅದನ್ನೂ ತಿಳಿಸಿ. ನೊಗ ಕಟ್ಟುತ್ತಿದ್ದ ಮುಂದಿನ ಮೂತಿಯಲ್ಲಿ ಎರಡು ಬೇರೆ ಬೇರೆ ಅಳತೆಯ ತೂತುಗಳಿವೆ, ದೊಡ್ಡದನ್ನು ಆಮೇಲೆ ಕೊರೆದಿದ್ದಾರೆ.