ಕೈದಾಳ: ಕಥೆಯ ಊರು, ಕಲ್ಲಿನ ಊರು

ಒಂದು ರಾಜ್ಯದ ಚರಿತ್ರೆ ಬರೆಯುವುದಕ್ಕಿಂತ ಒಂದು ಹಳ್ಳಿಯ ಚರಿತ್ರೆ ಬರೆಯುವುದು ಕಷ್ಟ. ರಾಜ್ಯಕ್ಕೆ ರಾಜರುಂಟು, ಯುದ್ಧಗಳುಂಟು, ಪಟ್ಟಾಭಿಷೇಕದ ತಾರೀಖುಗಳುಂಟು. ಅವನ್ನು ಒಂದು ದಾರದಲ್ಲಿ ಪೋಣಿಸಿದರೆ ಪುಸ್ತಕವಾಗುತ್ತದೆ. ಹಳ್ಳಿಗೆ ಇರುವುದು ಒಂದು ಕೆರೆ, ಒಂದು ಗುಡಿ, ಒಂದು ಕಲ್ಲು, ಒಂದು ಕಥೆ. ಇವುಗಳ ನಡುವಣ ಸಂಬಂಧವನ್ನು ಕಂಡುಹಿಡಿದು ಹೇಳಬೇಕಾದರೆ ಕಾಲಿಗೂ ಕೆಲಸ ಕೊಡಬೇಕು, ತಲೆಗೂ ಕೊಡಬೇಕು.

ದೇವಸ್ಥಾನದ ಜೀರ್ಣೋದ್ಧಾರಕ್ಕೋ, ಜಾತ್ರೆಗೋ, ಶಾಲೆಯ ಹಬ್ಬಕ್ಕೋ ಅಚ್ಚಾಗುವ ಊರ ಚರಿತ್ರೆಯ ಕಿರುಹೊತ್ತಿಗೆಗಳನ್ನು ನಾನು ಅಕ್ಕರೆಯಿಂದ ಓದುತ್ತ ಬಂದಿದ್ದೇನೆ. ಓದಿ ಮುಗಿಸಿದ ಮೇಲೆ ಬಹುಮಟ್ಟಿಗೆ ಉಳಿಯುವುದು ಒಂದೇ ಅತೃಪ್ತಿ: ಊರೇ ಕಾಣಲಿಲ್ಲವಲ್ಲ ಎಂಬುದು. ಮೊದಲರ್ಧ ಸ್ಥಳಪುರಾಣ, ಉಳಿದರ್ಧ ಊರಿನಿಂದ ಹೊರಟು ಹೆಸರುಮಾಡಿದವರ ಪಟ್ಟಿ. ಆ ಊರಿನ ಮಣ್ಣು ಎಂಥದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಕೆರೆ ಕಟ್ಟಿಸಿದವರಾರು ಎಂಬ ಮಾತೇ ಇಲ್ಲ. ಇದೂ ಸಾಹಿತ್ಯದ ಒಂದು ಪ್ರಕಾರವೇ. ಕಾವ್ಯಕ್ಕೂ ಕಾದಂಬರಿಗೂ ಅಳತೆಗೋಲು ಹಿಡಿಯುವ ನಮ್ಮ ವಿಮರ್ಶೆ ಇದಕ್ಕೂ ಒಂದು ಅಳತೆಯನ್ನು ಹುಡುಕಬೇಡವೆ?

ತುಮಕೂರು ಸೀಮೆಯನ್ನೇ ತೆಗೆದುಕೊಳ್ಳೋಣ. ಇಲ್ಲಿ ಹೆಸರಿಗೊಂದು ಕಥೆಯಿಲ್ಲದ ಊರು ಅಪೂರ್ವ. ತುಮಕೂರು ತುಂಬೆ ಹೂವಿನ ಊರು ಎನ್ನುವವರುಂಟು, ತಮಟೆಯ ಊರು ಎನ್ನುವವರೂ ಉಂಟು. ಗುಬ್ಬಿಯಲ್ಲಿ ದಿನವೂ ಪುರಾಣ ಕೇಳಲು ಬರುತ್ತಿದ್ದ ಜೋಡಿ ಗುಬ್ಬಚ್ಚಿಗಳು ಪುರಾಣ ಮುಗಿದ ದಿನ ಪ್ರಾಣ ಬಿಟ್ಟುವಂತೆ. ಆ ಭಕ್ತಿಗೆ ಮೆಚ್ಚಿ ಊರಿಗೇ ಅವುಗಳ ಹೆಸರಿಟ್ಟರಂತೆ. ಕುಣಿಗಲ್ಲಿನಲ್ಲಿ ಶಿವ ಕುಣಿದನಂತೆ. ಕುಣಿದ ಕಲ್ಲು ಕುಣಿಗಲ್ಲಾಯಿತಂತೆ. ಗಂಗರ ಕಾಲದ ಶಾಸನಗಳಲ್ಲಿ ಈ ಸೀಮೆಯ ಹೆಸರು ಕುನುಂಗಿಲ್ ಎಂದಿದೆ. ಅದರಲ್ಲಿ ಕುಣಿತವೂ ಕಿವಿಗೆ ಬೀಳುವುದಿಲ್ಲ, ಕಲ್ಲೂ ಕಣ್ಣಿಗೆ ಬೀಳುವುದಿಲ್ಲ. ಹೆಸರು ಮೊದಲು ಬಂದಿತು, ಕಥೆ ಅದನ್ನು ಹುಡುಕಿಕೊಂಡು ಆಮೇಲೆ ಬಂದಿತು ಎನ್ನಬೇಕಾಗುತ್ತದೆ.

ಈ ಕಥೆಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು ತುಮಕೂರಿಗೆ ಹತ್ತಿರದ, ಗೂಳೂರಿನ ನೆರೆಯ ಕೈದಾಳದ್ದು. ಅದರ ಹಿಂದಿನ ಹೆಸರು ಕ್ರೀಡಾಪುರವಂತೆ. ಅಲ್ಲಿ ಹುಟ್ಟಿದ ಜಕಣಾಚಾರಿ ಶಿಲ್ಪದ ಗುಂಗಿನಲ್ಲಿ ಹೆಂಡತಿಯನ್ನೂ ಊರನ್ನೂ ಬಿಟ್ಟು ಹೊರಟ. ಅವನ ಬೆನ್ನ ಹಿಂದೆ ಬೆಳೆದ ಮಗ ಡಂಕಣ ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದು, ಅವನ ವಿಗ್ರಹದಲ್ಲಿ ದೋಷವಿದೆ ಎಂದ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆಂದು ಹಿರಿಯ ಶಿಲ್ಪಿ ಪಣತೊಟ್ಟ. ವಿಗ್ರಹಕ್ಕೆ ಗಂಧ ಬಳಿದರು. ಎಲ್ಲ ಕಡೆ ಒಣಗಿದ ಗಂಧ ಹೊಕ್ಕುಳಿನ ಬಳಿ ಮಾತ್ರ ಹಸಿಯಾಗಿ ಉಳಿಯಿತು. ಅಲ್ಲಿ ಉಳಿ ತಾಗಿಸಿದರೆ ನೀರು, ಮರಳು, ಜೀವಂತವಾದ ಒಂದು ಕಪ್ಪೆ! ಜಕಣ ಕೈ ಕತ್ತರಿಸಿಕೊಂಡ, ತಂದೆಮಕ್ಕಳಿಗೆ ಗುರುತಾಯಿತು. ಮುಂದೆ ದೈವಾಜ್ಞೆಯಂತೆ ಹುಟ್ಟೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಹೋದ ಕೈ ಬಂದಿತು. ಕೈ ಬಂದ ಊರು ಕೈದಾಳ. ಬೇಲೂರಿನ ಕಪ್ಪೆ ಚೆನ್ನಿಗರಾಯನಿಗೂ ಆ ಹೆಸರು ಈ ಕಥೆಯಿಂದಲೇ ಬಂದಿತೆಂದು ಜನ ನಂಬುತ್ತಾರೆ.

ಇದನ್ನು ಲೂಯಿ ರೈಸ್ ಸಾಹೇಬರು 1877ರಲ್ಲಿ ಅಚ್ಚಾದ ತಮ್ಮ ಮೈಸೂರು ಗೆಜೆಟಿಯರಿಗೆ ಸೇರಿಸಿದರು. 1964ರಲ್ಲಿ ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ವರ್ಣಚಿತ್ರವಾಗಿ ತೆರೆಗೆ ಬಂದಿತು. ಕಲ್ಯಾಣ್‌ಕುಮಾರರ ಮುಖವೇ ಜಕಣನ ಮುಖವಾಯಿತು. ಶಿಲ್ಪಿಗಳಿಗೆ ಸರಕಾರ ಕೊಡುವ ಪ್ರಶಸ್ತಿಗೂ ಅವನದೇ ಹೆಸರು. ಹೀಗೆ ಗುಡಿಯ ಜಗಲಿಯಿಂದ ಗೆಜೆಟಿಯರಿಗೂ, ಅಲ್ಲಿಂದ ಸಿನಿಮಾಕ್ಕೂ, ಸರಕಾರದ ಆದೇಶಕ್ಕೂ ಏರಿದ ಕಥೆ ನಮ್ಮಲ್ಲಿ ಇನ್ನೆಷ್ಟು ಇದ್ದೀತು?

ಇನ್ನು ಕಲ್ಲು ಏನು ಹೇಳುತ್ತದೆ, ನೋಡೋಣ. ಅದೇ ರೈಸ್ ಸಾಹೇಬರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ತುಮಕೂರು ಜಿಲ್ಲೆಯ ಶಾಸನಗಳನ್ನು ಹೊರತಂದರು. ಕೈದಾಳದ ಗಂಗಾಧರೇಶ್ವರ ಗುಡಿಯ ಶಾಸನ ಸುಮಾರು 1150ರದು, ಹೊಯ್ಸಳ ನರಸಿಂಹನ ಹೆಸರು ಹೇಳುವುದು. ಅದರಲ್ಲಿ ಜಕಣನಿಲ್ಲ. ಇರುವವನು ಸಾಮಂತ ಗೂಳಿ ಬಾಚಿ. ಕೈದಾಳ ಅವನ ರಾಜಧಾನಿ. ತಂದೆ ಗಂಗನ ಹೆಸರಿನಲ್ಲಿ ಗಂಗೇಶ್ವರನನ್ನು ನಿಲ್ಲಿಸಿದ, ವಿಷ್ಣುವಿಗೆ ಗುಡಿ ಕಟ್ಟಿಸಿದ, ಜಿನಾಲಯವನ್ನೂ ಕಟ್ಟಿಸಿದ. ಮಡದಿ ಭೀಮಲೆಯ ನೆನಪಿಗೆ ಭೀಮ ಜಿನಾಲಯವೆಂದು ಬಸದಿಗೆ ಹೆಸರಿಟ್ಟ. ಭೀಮಸಮುದ್ರವೆಂದು ಕೆರೆಗೆ ಹೆಸರಿಟ್ಟ. ಎಲ್ಲ ಸಮಯಗಳನ್ನೂ ಪೊರೆದವನೆಂದು ಶಾಸನ ಅವನನ್ನು ಕೊಂಡಾಡುತ್ತದೆ.

ಇದರಲ್ಲಿ ಕಥೆಗೆ ತೊಡಕಾಗುವ ಒಂದು ಮಾತನ್ನು ಗಮನಿಸಬೇಕು. ಗುಡಿ ಕಟ್ಟಿ ಮುಗಿಸಿದ ಮೇಲೆ ಕೈ ಬಂದು, ಅದರಿಂದ ಊರಿಗೆ ಹೆಸರು ಬಂದಿತೆಂಬುದು ಕಥೆ. ಶಾಸನವಾದರೋ ಗುಡಿಗಳನ್ನು ಕಟ್ಟಿಸಿದ ಸುದ್ದಿ ಹೇಳುವಾಗಲೇ ಊರನ್ನು ಕೈದಾಳವೆಂಬ ಹೆಸರಿನಿಂದ ಕರೆದು, ರಾಜಧಾನಿಯೆಂದು ವರ್ಣಿಸುತ್ತದೆ. ಮೊನ್ನೆ ನಡೆದ ಪವಾಡದಿಂದ ನಿನ್ನೆ ಹೆಸರು ಪಡೆದ ಊರು ಇಂದೇ ರಾಜಧಾನಿಯ ಕೀರ್ತಿಯನ್ನು ಪಡೆಯುವುದಿಲ್ಲ. ಜಕಣನ ಆಯುಷ್ಯವೂ ಲೆಕ್ಕಕ್ಕೆ ಸಿಗದು. ಬೇಲೂರಿನ ಗುಡಿ 1117ರದು, ಸೋಮನಾಥಪುರದ್ದು 1268ರದು, ಜನರ ಬಾಯಲ್ಲಿ ಎರಡೂ ಅವನ ಕೈಕೆಲಸ. ನೂರೈವತ್ತು ವರ್ಷ ಉಳಿ ಹಿಡಿದ ಕೈಗೆ ಕಪ್ಪೆಯ ಪವಾಡ ಬೇಕೇ ಇಲ್ಲ!

ಹೊಯ್ಸಳ ಶಿಲ್ಪಿಗಳು ಹೆಸರು ಮರೆಸಿಕೊಂಡವರೂ ಅಲ್ಲ. ಸೋಮನಾಥಪುರದಲ್ಲಿ, ನುಗ್ಗೇಹಳ್ಳಿಯಲ್ಲಿ ಮಲ್ಲಿತಮ್ಮನ ಹೆಸರು ವಿಗ್ರಹಗಳ ಕೆಳಗೆ ಕೆತ್ತಿದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಹೊನೋಜನ ಹೆಸರಿದೆ. ಬೇಲೂರಿನಲ್ಲಿಯೇ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಇವೆ. ಜಕಣಡಂಕಣರನ್ನು ಹುಡುಕಿಕೊಂಡು ಬೇಲೂರಿಗೆ ಹೋಗುವವರು ಕಲ್ಲಿನಲ್ಲಿ ಹೆಸರು ಬರೆದುಕೊಂಡಿರುವ ನಿಜವಾದ ತಂದೆಮಕ್ಕಳ ಮುಂದೆಯೇ ಹಾದುಹೋಗುತ್ತಾರೆ.

ಇಲ್ಲಿಗೆ ಬಂದಾಗ ಊರ ಚರಿತ್ರೆ ಬರೆಯುವವರು ಎರಡು ಪಂಗಡವಾಗುತ್ತಾರೆ. ಒಂದು ಪಂಗಡದವರು ಶಾಸನವನ್ನು ಅನುಬಂಧಕ್ಕೆ ತಳ್ಳಿ ಕಥೆಯನ್ನೇ ಚರಿತ್ರೆಯೆಂದು ಅಚ್ಚುಹಾಕುತ್ತಾರೆ. ಇನ್ನೊಂದು ಪಂಗಡದ ವಿದ್ವಾಂಸರು ಕಥೆಯನ್ನು ‘ಕಟ್ಟುಕಥೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಇಬ್ಬರ ಮೇಲೂ ದೂರುಂಟು. ಮೊದಲನೆಯವರು ಗೂಳಿ ಬಾಚಿಯನ್ನು ಕೊಂದರು, ಎರಡನೆಯವರು ಜಕಣನನ್ನು. ಊರಿಗೆ ಇಬ್ಬರೂ ಬೇಕು.

ಕಟ್ಟುಕಥೆ ಎಂದಾಕ್ಷಣ ಕಥೆ ಸತ್ತುಹೋಗುವುದಿಲ್ಲ; ಯಾರು, ಏಕೆ ಕಟ್ಟಿದರು ಎಂಬ ಪ್ರಶ್ನೆ ಅಲ್ಲಿಂದ ಮೊದಲಾಗುತ್ತದೆ. ಜಕಣನ ಕಥೆಯನ್ನು ನಿಧಾನವಾಗಿ ಓದಿ ನೋಡಿ. ಕಲೆಯ ಗುಂಗಿನಲ್ಲಿ ಮನೆಯನ್ನು ಮರೆತವನ ಕಲೆಯಲ್ಲಿಯೇ ಬಿರುಕು ಇದ್ದಿತು. ಅದನ್ನು ಕಂಡವನು ಅವನು ಮರೆತ ಮನೆಯಿಂದಲೇ ಬಂದನು. ಪರಸ್ಥಳಗಳಿಗೆಲ್ಲ ಕೀರ್ತಿ ತಂದುಕೊಟ್ಟವನಿಗೆ ಹೋದ ಕೈ ಬಂದುದು ಬೇಲೂರಿನಲ್ಲಿ ಅಲ್ಲ, ತನ್ನ ಊರಿಗೆ ಸಲ್ಲಬೇಕಾದ ಸಾಲ ತೀರಿಸಿದಾಗ. ಬುದ್ಧಿವಂತ ಮಕ್ಕಳೆಲ್ಲ ಪೇಟೆ ಸೇರುವುದನ್ನು ತಲೆತಲಾಂತರ ನೋಡಿದ ಹಳ್ಳಿಯೊಂದು ಹೇಳಿಕೊಳ್ಳಬಹುದಾದ ಕಥೆ ಇದಕ್ಕಿಂತ ಬೇರೆ ಯಾವುದು? 1150ರಲ್ಲಿ ಏನು ನಡೆಯಿತೆಂದು ಇದು ಹೇಳದಿರಬಹುದು. ರಾಜಧಾನಿಯಾಗಿದ್ದ ಊರು ಹಳ್ಳಿಯಾದ ಮೇಲೆ ಅದರ ಮನಸ್ಸಿನಲ್ಲಿ ಏನಿತ್ತೆಂದು ಹೇಳುತ್ತದೆ. ಅದೂ ಚರಿತ್ರೆಯೇ.

ಆದರೆ ಕಥೆ ಹೇಳದೆ ಬಿಟ್ಟದ್ದೂ ಉಂಟು. ಜನ ಹೇಳುವ ಕಥೆಯಲ್ಲಿ ಬಿಟ್ಟುಹೋದ ಹೆಂಡತಿಯ ಹೆಸರಿಗೆ ಬೆಲೆಯಿಲ್ಲ. ತಂದೆಯೂ ಮಗನೂ ಸಿಕ್ಕಿದರೆ ಸಾಕು. ಶಾಸನದಲ್ಲಿ ಹೆಂಡತಿಗೆ ಹೆಸರಿದೆ, ಆ ಹೆಸರಿನ ಬಸದಿಯಿದೆ, ಕೆರೆಯಿದೆ. ಕಥೆಯೊಂದನ್ನೇ ನಂಬಿದ ಊರು ಭೀಮಲೆಯನ್ನು ಕಳೆದುಕೊಂಡಿತು.

ಇನ್ನು ಭೂಗೋಳ. ಕಥೆಯೂ ಇದನ್ನು ಹೇಳದು, ವಿದ್ವಾಂಸರೂ ಹೇಳರು. ಹೇಳುವ ಬಗೆಯನ್ನು ಕಲಿಯಬೇಕಾದರೆ ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿಯ ಕಡೆ ನೋಡಬಹುದು. ಹ್ಯಾಂಪ್‌ಷೈರಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯಿದ್ದ. 1720ರಲ್ಲಿ ಅಲ್ಲಿಯೇ ಹುಟ್ಟಿ 1793ರಲ್ಲಿ ಅಲ್ಲಿಯೇ ತೀರಿಕೊಂಡವನು. ತನ್ನ ಊರಿನ ಪ್ರಕೃತಿಯನ್ನೂ ಪುರಾತನ ವಿಷಯಗಳನ್ನೂ ಕುರಿತು ಅವನು ಬರೆದ ಕಾಗದಗಳು 1789ರಲ್ಲಿ ಪುಸ್ತಕವಾದುವು. ಆ ಹಳ್ಳಿಯಲ್ಲಿ ಲೋಕಪ್ರಸಿದ್ಧವಾದ ಘಟನೆ ಯಾವುದೂ ನಡೆಯಲಿಲ್ಲ. ಪುಸ್ತಕ ಮಾತ್ರ ಇಂದಿಗೂ ಅಚ್ಚಾಗುತ್ತಿದೆ. ಅವನು ಮೊದಲು ಹೇಳುವುದು ಊರು ಎಲ್ಲಿದೆ, ಮಣ್ಣು ಯಾವ ಬಗೆಯದು, ನೀರಿನ ಹಾದಿ ಯಾವುದು ಎಂಬುದನ್ನು. ತನ್ನ ಸೀಮೆಯಲ್ಲಿ ಹುಟ್ಟಿದ ಎರಡು ತೊರೆಗಳು ಎರಡು ಬೇರೆ ಸಮುದ್ರಗಳನ್ನು ಸೇರುತ್ತವೆಂದು ತೋರಿಸುತ್ತಾನೆ. ಹಕ್ಕಿಗಳ ಮಾತು ಬರುವುದು ಆಮೇಲೆ. ನೋಟಕ್ಕೆ ಒಂದೇ ಎನ್ನಿಸುವ ಮೂರು ಪುಟ್ಟ ಹಕ್ಕಿಗಳನ್ನು ಕೂಗು ಕೇಳಿಯೇ ಬೇರೆಬೇರೆಯೆಂದು ಗುರುತಿಸಿದವನು ಅವನು.

ವೈಟನಿಗೆ ಇದ್ದ ಸೌಕರ್ಯ ನಮಗೇನು ಕಡಿಮೆ? ತುಮಕೂರಿನ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ತೆಂಕಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಅಲ್ಲಿಯೇ ಹುಟ್ಟುವ ಜಯಮಂಗಲಿ ಬಡಗಣಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಒಂದೇ ಬೆಟ್ಟದ ಮಳೆನೀರಿಗೆ ಎರಡು ಹಾದಿ. ಕೆಂಪು ಮಣ್ಣು, ನಡುನಡುವೆ ಬಂಡೆ, ನಂಬಲಾಗದ ಮಳೆ. ತುಂಬಿ ಹರಿಯುವ ಹೊಳೆಯಿಲ್ಲದ ಈ ನೆಲದಲ್ಲಿ ಊರು ನಿಲ್ಲಬೇಕಾದರೆ ಕೆರೆ ಕಟ್ಟಲೇಬೇಕು. ಮೂಡಲ ಕುಣಿಗಲ್ ಕೆರೆಯನ್ನು ಜನ ಹಾಡಿನಲ್ಲಿ ಹೊಗಳಿದ್ದು ಸುಮ್ಮನೆ ಅಲ್ಲ. ಗೂಳಿ ಬಾಚಿ ದೇವರಿಗೆ ಗುಡಿ ಕಟ್ಟಿಸಿದವನು ಕೆರೆಯನ್ನೂ ಕಟ್ಟಿಸಿದ ಕಾರಣ ಈ ಮಣ್ಣನ್ನು ತುಳಿದವನಿಗೆ ತಾನಾಗಿ ತಿಳಿಯುತ್ತದೆ.

ಭೂಗೋಳ ಅರಿತವನ ಕಿವಿ ಹೆಸರುಗಳಿಗೂ ಚುರುಕಾಗುತ್ತದೆ. ತುಮಕೂರಿನ ಮಗ್ಗುಲಲ್ಲಿ ಭೀಮಸಂದ್ರವೆಂಬ ಊರಿದೆ. ನಮ್ಮ ಸೀಮೆಯ ‘ಸಂದ್ರ’ಗಳು ‘ಸಮುದ್ರ’ದ, ಎಂದರೆ ದೊಡ್ಡ ಕೆರೆಯ, ಸವೆದ ರೂಪಗಳು. ಭೀಮಲೆಯ ಭೀಮಸಮುದ್ರ ಇದೇ ಇರಬಹುದೆ? ಗೂಳಿ ಬಾಚಿಗೂ ಗೂಳೂರಿಗೂ ನಂಟಿರಬಹುದೆ? ಹೆಸರಿನ ಹೋಲಿಕೆಯೊಂದನ್ನೇ ಹಿಡಿದು ಹೌದೆಂದರೆ ಕುಣಿಗಲ್ಲಿನಲ್ಲಿ ಶಿವನನ್ನು ಕುಣಿಸಿದವರಿಗೂ ನನಗೂ ಭೇದವಿಲ್ಲದಂತಾಗುತ್ತದೆ. ಶಾಸನದ ಎಲ್ಲೆಗಳನ್ನು ಕೈಯಲ್ಲಿ ಹಿಡಿದು, ಏರಿಯ ಮೇಲೆ ನಡೆದು, ಕೋಡಿಯ ನೀರು ಹೋಗುವ ಕಡೆ ಹೋಗಿ, ಹೊಲದ ಹೆಸರುಗಳನ್ನು ವಯಸ್ಸಾದವರಿಂದ ಕೇಳಿ ಬರೆದುಕೊಂಡರೆ ಮಾತ್ರ ಈ ಊಹೆ ನಿಲ್ಲುತ್ತದೆ, ಇಲ್ಲವೆ ಬೀಳುತ್ತದೆ. ಎರಡರಲ್ಲಿ ಯಾವುದಾದರೂ ಲಾಭವೇ.

ಈ ಕೆಲಸಕ್ಕೆ ಕಾಲ ಬಹಳ ಇಲ್ಲ. ಇಂಗ್ಲಿಷಿನಲ್ಲಿ ತುಮಕೂರಿನ ಹೆಸರನ್ನು 2014ರಲ್ಲಿ ತಿದ್ದಿದ್ದಾಯಿತು, ಸಂತೋಷ. ಅದೇ ತುಮಕೂರು ಸುತ್ತಲ ಹಳ್ಳಿಗಳನ್ನು ಒಂದೊಂದಾಗಿ ಒಳಗೆ ಹಾಕಿಕೊಂಡು ಬೆಳೆಯುತ್ತಿದೆ. ಹೇಮಾವತಿಯ ನೀರು ಬುಗುಡನಹಳ್ಳಿಗೆ ಬಂದು ನಗರದ ನಲ್ಲಿಗಳಲ್ಲಿ ಇಳಿಯುತ್ತದೆ. ನಗರದ ಕೊಳಚೆ ನೀರನ್ನು ಶುದ್ಧಿಮಾಡುವ ಸ್ಥಾವರ ಇರುವುದು ಭೀಮಸಂದ್ರದಲ್ಲಿ. ಹೊಲ ನಿವೇಶನವಾದಾಗ ಹೊಲದ ಹೆಸರು ಹೋಗಿ ಅಂಕಿ ಬರುತ್ತದೆ. ಕಾಲುವೆ ರಸ್ತೆಯಾದಾಗ ನೀರಿನ ಹಾದಿ ಮರೆತುಹೋಗುತ್ತದೆ. ಕಲ್ಲಿನ ಮೇಲಿನ ಅಕ್ಷರ ಎಂಟು ನೂರು ವರ್ಷ ತಡೆಯಿತು. ಹೊಲದ ಹೆಸರಿಗೆ ಒಂದು ತಲೆಮಾರಿನ ಆಯುಸ್ಸೂ ಇಲ್ಲ.

ಅಳತೆಗೋಲಿನ ಮಾತನ್ನು ಆಡಿದ್ದೇನೆ. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ, ಕೈದಾಳದ ಕಥೆಯೇ ಅದನ್ನು ಕೊಡುತ್ತದೆ. ಡಂಕಣ ದೋಷವಿದೆ ಎಂದು ಕೂಗಾಡಲಿಲ್ಲ, ವಿಗ್ರಹವನ್ನು ಒಡೆಯಲೂ ಇಲ್ಲ. ತೆಳುವಾಗಿ ಗಂಧ ಬಳಿದು ಕಾದ. ಊರ ಚರಿತ್ರೆಗೂ ಹೀಗೆಯೇ ಗಂಧ ಬಳಿದು ನೋಡಬೇಕು. ಕಥೆಗೂ ಬಳಿಯಬೇಕು, ಶಾಸನದ ಹೊಗಳಿಕೆಗೂ ಬಳಿಯಬೇಕು. ಎಲ್ಲಿ ಒಣಗುತ್ತದೋ ಅಲ್ಲಿ ಗಟ್ಟಿ ಕಲ್ಲು. ಎಲ್ಲಿ ಹಸಿಯಾಗಿ ಉಳಿಯುತ್ತದೋ ಅಲ್ಲಿ ಒಳಗೆ ನೀರಿದೆ, ಜೀವವಿದೆ. ಆ ಜಾಗವನ್ನು ಊರವರಿಗೆ ತೋರಿಸಿಕೊಡುವ ಪುಸ್ತಕ ಮುಂದಿನ ಜಾತ್ರೆಯ ಹೊತ್ತಿಗಾದರೂ ಅಚ್ಚಾಗಲಿ. ಅದರ ಮೊದಲ ಪುಟದಲ್ಲಿ ಜಕಣಾಚಾರಿಯ ಪಕ್ಕದಲ್ಲಿ ಗೂಳಿ ಬಾಚಿಗೂ ಭೀಮಲೆಗೂ ಒಂದಿಷ್ಟು ಜಾಗವಿರಲಿ.