ಟೇಲರನ ‘ಸೀತಾ’
ಸುರಪುರದ ಗುಡ್ಡದ ಮೇಲೆ ಮಂಜಿಲನ್ನು ಕಟ್ಟಿಸಿ ಬಾಳಿದ ಮೆಡೋಸ್ ಟೇಲರನು 1872ರಲ್ಲಿ ‘ಸೀತಾ’ ಎಂಬ ಆಂಗ್ಲ ಕಾದಂಬರಿಯನ್ನು ಪ್ರಕಟಿಸಿದನು. ಅದರಲ್ಲಿ ಆಂಗ್ಲ ಅಧಿಕಾರಿಯಾದ ಬ್ರಾಂಡನನು ಹಿಂದೂ ವಿಧವೆಯಾದ ಸೀತೆಯ ಕೈಹಿಡಿಯುತ್ತಾನೆ; ನೆರೆಯ ಬಿಳಿಯರ ಸಮಾಜವು ಆ ದಾಂಪತ್ಯವನ್ನು ಕಂಡು ಮೂಗುಮುರಿಯುತ್ತದೆ. ಸೀತೆಯ ಶೀಲವನ್ನು ವರ್ಣಿಸುವಲ್ಲಿ ಗ್ರಂಥಕರ್ತನ ಲೇಖನಿಯು ನಿರ್ಮಲವಾದುದು. ಆದರೆ 1857ರ ದಂಗೆಯ ಕಾಲದಲ್ಲಿ ಪತಿಯನ್ನು ರಕ್ಷಿಸುತ್ತ ಅವಳು ಮಡಿಯುತ್ತಾಳೆ. ಅವನು ಮುಂದೆ ಸ್ವಕುಲದ ಗ್ರೇಸಳನ್ನು ವರಿಸುತ್ತಾನೆ. ನೆರೆಯವರ ದ್ವೇಷಕ್ಕೆ ಉತ್ತರ ಕೊಡಬೇಕಾದ ಸ್ಥಳದಲ್ಲಿ ಕಥೆಯು ಸೀತೆಯನ್ನೇ ಬಲಿಗೊಟ್ಟಿತು. ಕರುಣರಸವು ಸಿದ್ಧಿಸಿತು, ನ್ಯಾಯವು ಸಿದ್ಧಿಸಲಿಲ್ಲ. ಟೇಲರನ ಪತ್ನಿಯಾದ ಮೇರಿ ಪಾಮರಳ ಪಿತಾಮಹಿಯು ಮುಸಲ್ಮಾನ ಕುಲಸ್ತ್ರೀಯಾಗಿದ್ದಳು. ಸ್ವಗೃಹದಲ್ಲಿ ಕಂಡ ಸತ್ಯವನ್ನು ಕಾವ್ಯದಲ್ಲಿ ಕಡೆಮುಟ್ಟಿಸುವ ಧೈರ್ಯವು ಆ ಲೇಖನಿಗೆ ಸಾಲದೆ ಹೋಯಿತು.