ಗುಡ್ಡದ ಕೇಪಳ, ಬಟ್ಟಲಿನ ತಂಬುಳಿ

ಅಡುಗೆಗೆಂದು ಕೇಪಳ ನೆಡುವ ಮನಸ್ಸಿದ್ದವರು ನರ್ಸರಿಗೆ ಹೋಗುವ ಮೊದಲು ಒಮ್ಮೆ ಗುಡ್ಡ ಹತ್ತಬೇಕು. ನರ್ಸರಿಯಲ್ಲಿ ಹಳದಿ, ಗುಲಾಬಿ, ಬಿಳಿ ಎಂದು ಸಾಲುಗಟ್ಟಿ ನಿಂತ ಕುಳ್ಳು ಗಿಡಗಳು ಬೇಲಿಗೆ ಚೆಂದ, ಅಷ್ಟೇ. ತಂಬುಳಿಗೆ ಒದಗುವುದು ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ತಾನಾಗಿ ಹುಟ್ಟುವ, ನಾಲ್ಕೆಸಳಿನ ಕೆಂಪು ಕೇಪಳ. ಘಟ್ಟದ ಮೇಲಿನವರಿಗೆ ಇದೇ ಗುಡ್ಡೆದಾಸವಾಳ. ದಾಸವಾಳಕ್ಕೂ ಇದಕ್ಕೂ ನಂಟಿಲ್ಲ. ಇದು ಕಾಫಿಯ ಕುಟುಂಬದ್ದು.

ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ ಗೆಲ್ಲು ಕಡಿದು, ಕೆಳಗಿನ ಎಲೆ ಸವರಿ, ನೆರಳಲ್ಲಿ ಊರಿ. ಗೆಲ್ಲು ಸಾಕು, ಗಿಡವನ್ನೇ ಕಿತ್ತು ತರಬೇಡಿ. ಕಲ್ಲುಕೋರೆ, ರಬ್ಬರ್ ತೋಟಗಳು ಆ ಕೆಲಸವನ್ನು ಧಾರಾಳವಾಗಿ ಮಾಡುತ್ತಿವೆ. ಬೇರು ಬಿಟ್ಟ ಗಿಡಕ್ಕೆ ಬಿಸಿಲು ಬೇಕು, ಹುಳಿ ಮಣ್ಣು ಬೇಕು. ಬೆಂಗಳೂರಿನಲ್ಲಿ ಎಡವುವುದು ಇಲ್ಲೇ. ಕೊಳವೆಬಾವಿಯ ಗಡಸು ನೀರು ಹಾಕಿ ಹಾಕಿ ಎಲೆ ಹಳದಿಯಾಗುತ್ತದೆ, ನರಗಳಷ್ಟೇ ಹಸಿರು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕದ ಸ್ಥಿತಿ ಅದು. ಆಗ ಗೊಬ್ಬರ ಸುರಿದು ಫಲವಿಲ್ಲ. ಮಳೆನೀರು ಹಿಡಿದಿಟ್ಟು ಹಾಕಿ, ಬುಡಕ್ಕೆ ದರಗು ಹೊದಿಸಿ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಗೊಂಚಲು ಮುಗಿದೊಡನೆ ತುದಿ ಕತ್ತರಿಸಬೇಕು. ಒಂದೆರಡನ್ನು ಹಾಗೇ ಬಿಡಿ. ಮಾಗಿ ಕಪ್ಪುಗೆಂಪಾದ ಹಣ್ಣು ಮಕ್ಕಳಿಗೂ ಪಿಕಳಾರಗಳಿಗೂ ಸೇರಿದ್ದು.

ಇನ್ನು ತಂಬುಳಿ. ತೊಟ್ಟು ಬಿಡಿಸಿದ ಒಂದು ಹಿಡಿ ಹೂವನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ. ಕೆಂಪು ಮಂಕಾದರೆ ಸಾಕು, ಕರಟಬಾರದು. ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಹೆಚ್ಚು ಹುಳಿಯಿಲ್ಲದ ಮಜ್ಜಿಗೆಯಲ್ಲಿ ಕದಡಿ ಉಪ್ಪು ಹಾಕಿ. ಕುದಿಸಿದರೆ ಅದು ತಂಬುಳಿಯಲ್ಲ. ಹೂವಿನದು ತೆಳು ಒಗರು, ನಾಲಿಗೆಯ ಅಂಚಿಗೆ ಹತ್ತುವಷ್ಟೇ. ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಅದು ನಾಪತ್ತೆ. ಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹೊಟ್ಟೆ ಕೆಟ್ಟಾಗ ಬಿಸಿ ಅನ್ನಕ್ಕೆ ಇದನ್ನೇ ಬಡಿಸುವುದು ಮಲೆನಾಡಿನ ಮನೆಗಳ ಹಳೇ ರೂಢಿ.

ಗುಡ್ಡ ದೂರ, ನರ್ಸರಿಯೇ ಗತಿ ಎನ್ನುವವರು ಕೆಂಪು ಹೂವಿನ ಎತ್ತರದ ಜಾತಿಯನ್ನೇ ಕೇಳಿ ತನ್ನಿ. ಅಲ್ಲಿ ಕೀಟನಾಶಕ ಹೊಡೆದಿರುತ್ತಾರೆ. ಮೊದಲ ವರ್ಷದ ಹೂ ದೇವರಿಗಿರಲಿ, ಒಲೆಗೆ ಬೇಡ.